ಗೆರೆಯಾಚೆ ನಿಂತವನ ಬಾಯಿ

ಕಳೆದ ಸೀಸನ್‌ನಲ್ಲಿ ನನ್ನ ಹೆಂಡತಿ ಒಂದು ಮ್ಯಾಚಿನ ವಿಡಿಯೋ ತೆಗೆದು ಶಿವಮೊಗ್ಗದಲ್ಲಿರುವ ನಮ್ಮಮ್ಮನಿಗೆ ವಾಟ್ಸಾಪ್ ಮಾಡಿದಳು. ಮಗಳು ಗೋಲು ಹೊಡೆದಿದ್ದಳು, ಅಜ್ಜಿ ನೋಡಿ ಖುಷಿಪಡಲಿ ಅಂತ. ಮಾರನೇ ದಿನ ಅಮ್ಮ ಫೋನ್ ಮಾಡಿ ಕೇಳಿದ್ದು ಗೋಲಿನ ವಿಷಯ ಅಲ್ಲ. "ಅದ್ಯಾರೋ ಹಿಂದೆ ನಿಂತು ದನ ಅಟ್ಟೋ ಹಾಗೆ ಕೂಗ್ತಿದ್ದಾನಲ್ಲೋ, ಯಾರವನು?"

ನಾನೇ. ಇಂಗ್ಲಿಷಿನಲ್ಲಿ ಕೂಗಿದ್ದಕ್ಕೆ ಹೆತ್ತ ತಾಯಿಗೂ ಗುರುತು ಸಿಕ್ಕಿಲ್ಲ.

ನಾನು ಕೋಚ್ ಆಗಿದ್ದೇ ಒಂದು ತಮಾಷೆ. ಇಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಪುಟ್ಟ ಮಕ್ಕಳ ಸಾಕರ್ ಲೀಗ್‌ಗಳಲ್ಲಿ ಕೋಚ್ ಅಂದರೆ ಜಾಸ್ತಿ ಕಡೆ ಯಾರದೋ ಅಪ್ಪನೋ ಅಮ್ಮನೋ, ಸಂಬಳ ಇಲ್ಲ. ಯಾರೂ ಮುಂದೆ ಬರದಿದ್ದರೆ ತಂಡವೇ ಇಲ್ಲ ಅಂತ ಮೇಲ್ ಬಂತು, ಹತ್ತು ವರ್ಷದೊಳಗಿನವರ ತಂಡಕ್ಕೆ ಕೈ ಎತ್ತಿದೆ. ಮಳೆಗಾಲದಲ್ಲಿ ಕೆಸರಲ್ಲಿ ಬರಿಗಾಲಲ್ಲಿ ಆಡಿದ್ದು ಬಿಟ್ಟರೆ ನನಗೆ ಫುಟ್‌ಬಾಲ್ ಅಷ್ಟಕ್ಕಷ್ಟೇ.

ಮೊದಲು ಬೆರಳಚ್ಚು ಕೊಡಬೇಕು, ಹಳೇ ಅಪರಾಧ ಏನಾದರೂ ಇದೆಯಾ ಅಂತ ನೋಡೋಕೆ. ಕಾಯಂ ಬರುವ ಸ್ವಯಂಸೇವಕರಿಗೆ ಇಲ್ಲಿ 2022ರಿಂದ ಅದು ಕಾನೂನು. ಆಮೇಲೆ ಸೇಫ್‌ಸ್ಪೋರ್ಟ್ ಅಂತ, ಆಟದಲ್ಲಿ ಮಕ್ಕಳನ್ನು ದೌರ್ಜನ್ಯದಿಂದ ಕಾಪಾಡೋದು ಹೇಗೆ ಅಂತ ಹೇಳಿಕೊಡುವ ಕೋರ್ಸ್. ಅಮೆರಿಕದ ಜಿಮ್ನಾಸ್ಟಿಕ್ಸ್ ತಂಡದ ವೈದ್ಯ ಲ್ಯಾರಿ ನಾಸರ್ ವರ್ಷಗಟ್ಟಲೆ ಹೆಣ್ಣುಮಕ್ಕಳ ಮೇಲೆ ಲೈಂಗಿಕ ದೌರ್ಜನ್ಯ ಮಾಡಿದ್ದು ಬಯಲಾದ ಮೇಲೆ, 2018ರ ಕಾನೂನು ಇದನ್ನೆಲ್ಲ ಬಿಗಿ ಮಾಡಿತು. ಮಗುವಿನ ಜೊತೆ ಒಬ್ಬನೇ ಇರಬಾರದು, ಮಗುವಿಗೆ ನೇರವಾಗಿ ಮೆಸೇಜ್ ಕಳಿಸಬಾರದು, ಅಪ್ಪ ಅಮ್ಮ ಅದರಲ್ಲಿ ಇರಲೇಬೇಕು. ತಲೆಗೆ ಪೆಟ್ಟು ಬಿದ್ದು ಮಂಕಾದ ಹಾಗೆ ಅನ್ನಿಸಿದರೂ ಸಾಕು, ಆ ದಿನ ಮತ್ತೆ ಆಡಿಸುವ ಹಾಗಿಲ್ಲ, ಡಾಕ್ಟರ ಚೀಟಿ ಬರುವ ತನಕ ವಾಪಸ್ಸೂ ಇಲ್ಲ. ಹತ್ತರೊಳಗಿನ ಮಕ್ಕಳು ತಲೆಯಲ್ಲಿ ಚೆಂಡು ಹೊಡೆಯುವುದನ್ನೇ 2015ರಲ್ಲಿ ಇಲ್ಲಿನ ಫುಟ್‌ಬಾಲ್ ಆಡಳಿತ ಸಂಸ್ಥೆ ಯು.ಎಸ್. ಸಾಕರ್ ನಿಲ್ಲಿಸಿದೆ. ಇದೆಲ್ಲ ಕಾಗದದ ಮೇಲಿದೆ, ಪಾಲಿಸೋದು ಕಷ್ಟ ಅಲ್ಲ.

ನಾನು ಎಡವಿದ್ದೆಲ್ಲ ಬಾಯಲ್ಲಿ.

ವಿಡಿಯೋ ಮತ್ತೆ ಹಾಕಿ ನೋಡಿದೆ. ಎರಡು ನಿಮಿಷಕ್ಕೆ ಮೂವತ್ತೊಂದು ಸಲ ಏನಾದರೂ ಹೇಳಿದ್ದೀನಿ. ಪಾಸ್ ಕೊಡು, ಹಿಂದೆ ಬಾ, ಒದಿ, ಬೇಡ ಬೇಡ, ಒದೀಬೇಡ! ಇಂಥವರನ್ನು ಇಲ್ಲಿ ಜಾಯ್‌ಸ್ಟಿಕ್ ಕೋಚ್ ಅಂತಾರೆ, ಮಕ್ಕಳನ್ನು ವಿಡಿಯೋ ಗೇಮಿನ ಗೊಂಬೆ ಥರ ಆಡಿಸುವವರು. ಅದರಲ್ಲಿ ಒಬ್ಬ ಹುಡುಗ ಇದ್ದಾನೆ, ಸ್ವಲ್ಪ ನಿಧಾನ. ಚೆಂಡು ಕಾಲಿಗೆ ಬಂದ ತಕ್ಷಣ ಅವನು ಗೋಲಿನ ಕಡೆ ನೋಡಲ್ಲ, ಗೆಳೆಯರ ಕಡೆನೂ ನೋಡಲ್ಲ, ನನ್ನ ಕಡೆ ನೋಡ್ತಾನೆ. ಅಷ್ಟರಲ್ಲಿ ಎದುರಿನವರು ಚೆಂಡು ಕಿತ್ಕೊಂಡು ಹೋಗಿರ್ತಾರೆ. ಅದಕ್ಕೂ ನಾನೇ ಬೈದಿದ್ದೀನಿ, ನೋಡ್ಕೊಂಡು ಆಡು ಅಂತ!

ಇನ್ನೊಂದು ಹೇಳಲೇಬೇಕು, ನಾಚಿಕೆ ಆಗುತ್ತೆ. ಇಲ್ಲಿ ರೆಫರಿಗಳು ಎಷ್ಟೋ ಸಲ ಹೈಸ್ಕೂಲ್ ಮಕ್ಕಳು. ಒಂದು ಗೋಲಿಗೆ ಆಫ್‌ಸೈಡ್ (ಎದುರಾಳಿ ಆಟಗಾರರನ್ನು ದಾಟಿ ಮುಂದೆ ನಿಂತು ಪಾಸ್ ಪಡೆಯುವ ತಪ್ಪು) ಅಂತ ನಾನು ಹದಿನಾಲ್ಕರ ಆಸುಪಾಸಿನ ಹುಡುಗನ ಮೇಲೆ ರೇಗಿದೆ, ಕೈ ಬೇರೆ ಎತ್ತಿ. ಅವನ ಮುಖ ಕೆಂಪಾಯಿತು, ಆದರೆ ತೀರ್ಪು ಬದಲಿಸಲಿಲ್ಲ. ಮನೆಗೆ ಬಂದು ನಿಯಮ ಓದಿದೆ. ಏಳೇಳು ಜನರ ಆಟದಲ್ಲಿ ಮಧ್ಯದ ಗೆರೆಗೂ ಪೆನಾಲ್ಟಿ ಬಾಕ್ಸಿಗೂ ನಡುವೆ ಬಿಲ್ಡ್-ಔಟ್ ಲೈನ್ ಅಂತ ಇರುತ್ತೆ, ಅದು ದಾಟುವ ತನಕ ಆಫ್‌ಸೈಡ್ ಇಲ್ಲ. ಹುಡುಗನೇ ಸರಿ. ಮುಂದಿನ ಶನಿವಾರ ಹುಡುಕಿಕೊಂಡು ಹೋಗಿ ಸಾರಿ ಕೇಳಿದೆ. "ಪರವಾಗಿಲ್ಲ ಕೋಚ್" ಅಂದ. ಪಕ್ಕದಲ್ಲಿದ್ದ ಅವರಮ್ಮ ಏನೂ ಅನ್ನಲಿಲ್ಲ, ಸುಮ್ನೆ ನನ್ನನ್ನೇ ನೋಡಿದರು.

ನಾವು ಕಲಿತಿದ್ದು ಹಾಗೇ ಅಲ್ವಾ. ಪಿ.ಟಿ. ಮೇಷ್ಟ್ರ ಸೀಟಿ, ಬೆತ್ತ, ತಪ್ಪಾದರೆ ಮೈದಾನ ಸುತ್ತು ಮೂರು ಸುತ್ತು. ಈಗ ಯೋಚಿಸಿದರೆ ಓಡೋದನ್ನು ಶಿಕ್ಷೆ ಮಾಡಿಟ್ಟರೆ ಓಡುವ ಆಟ ಯಾವ ಮಗುವಿಗೆ ಇಷ್ಟ ಆಗುತ್ತೆ? ಇಲ್ಲಿನ ಮಕ್ಕಳ ಸಾಕರ್‌ನ ಹಳೇ ಸಂಸ್ಥೆ ಎ.ವೈ.ಎಸ್.ಒ. 1964ರಲ್ಲಿ ಕ್ಯಾಲಿಫೋರ್ನಿಯಾದಲ್ಲೇ ಶುರುವಾಗಿದ್ದು, ಅವರ ಮೊದಲ ತತ್ವವೇ ಎಲ್ಲರೂ ಆಡಬೇಕು ಅಂತ, ಪ್ರತಿ ಮಗುವಿಗೂ ಕಮ್ಮಿ ಅಂದರೆ ಅರ್ಧ ಮ್ಯಾಚ್. ಒಂದು ಗೋಲು ಹಿಂದಿದ್ದಾಗ, ಐದು ನಿಮಿಷ ಉಳಿದಿದ್ದಾಗ, ನಿಧಾನದ ಹುಡುಗನನ್ನು ಇಳಿಸೋದು ಎಷ್ಟು ಕಷ್ಟ ಅಂತ ಒಂದು ಸಲ ಗೆರೆ ಪಕ್ಕ ನಿಂತು ನೋಡಿ.

ಕೆಲವು ಲೀಗ್‌ಗಳಲ್ಲಿ ಸೈಲೆಂಟ್ ಸಾಟರ್ಡೇ ಅಂತ ಮಾಡ್ತಾರೆ, ದೊಡ್ಡವರ ಬಾಯಿಗೆ ಲಾಲಿಪಾಪ್ ಕೊಟ್ಟು ಕೂರಿಸೋದು. ನನಗೆ ಸಿಹಿ ಆಗಲ್ಲ, ಲವಂಗ ಇಟ್ಕೊಳ್ತೀನಿ. ಹೇಳಬೇಕಾದ್ದು ಬ್ರೇಕಲ್ಲಿ, ಅದೂ ಒಂದೇ ಮಾತು. ಕಳೆದ ವಾರ 5-1ರಲ್ಲಿ ಸೋತೆವು. ನಾಲ್ಕು ಲವಂಗ ಮುಗೀತು. ಆ ಒಂದು ಗೋಲಿಗೆ ಪಾಸ್ ಕೊಟ್ಟಿದ್ದು ಆ ಹುಡುಗ, ಕೊಟ್ಟ ಮೇಲೂ ನನ್ನ ಕಡೆ ತಿರುಗಲಿಲ್ಲ.