ಇವತ್ತು ಗಾಳಿ ತಡ

ಮಾರ್ಚ್ 16, 2025, ಭಾನುವಾರ
ಕೋಡಿಬಾಗ, ಕಾರವಾರ

ಬೆಳಿಗ್ಗೆ ಆರೂವರೆಗೆ ಬಾಗಿಲು ತೆಗೆದರೆ ಕಾಳಿ ನದಿಯ ಆಚೆ ಸದಾಶಿವಗಡದ ಗುಡ್ಡ ತೊಳೆದಿಟ್ಟ ಹಾಗೆ ಕಾಣುತ್ತಿತ್ತು. ಎಷ್ಟು ಚೆಂದ ಅಂದುಕೊಂಡೆ. ಪಕ್ಕದ ಮನೆ ಅಜ್ಜಿ ನೋಡಿದ್ದು ತೆಂಗಿನ ಮರವನ್ನು. "ಗರಿ ಎಲ್ಲ ಸಮುದ್ರದ ಬದಿಗೆ ಬಾಗಿದೆ ನೋಡಿ ಅಕ್ಕೋರೆ. ಇವತ್ತು ಗಾಳಿ ತಡ" ಅಂದರು.

ನಾನು ಗದಗದವಳು. ವರ್ಗವಾಗಿ ಬಂದ ಮೇಲೆ ಇದು ಎರಡನೇ ಬೇಸಿಗೆ. ಊರಿಂದ ಅಣ್ಣ ಫೋನ್ ಮಾಡಿದಾಗೆಲ್ಲ ಒಂದೇ ಮಾತು: "ನಿನಗೇನವ್ವಾ, ಸಮುದ್ರದ ಬಾಜೂಕ ಅದೀ, ತಂಪ ಇರತೈತಿ." ತಂಪಂತೆ! ಮಾವಿನ ಚಿಗುರು, ಕೋಗಿಲೆ, ಗೇರುಹಣ್ಣಿನ ವಾಸನೆ ಎಲ್ಲ ಇದೆ, ಸುಳ್ಳಲ್ಲ. ಮೊನ್ನೆ ಹೋಳಿಗೆ ತುರಾಯಿ ಕಟ್ಟಿಕೊಂಡ ಸುಗ್ಗಿ ಕುಣಿತದವರನ್ನೂ ನೋಡಿದ್ದಾಯಿತು. ಆದರೆ ಮಧ್ಯಾಹ್ನವಾದರೆ ನಮಗೆಲ್ಲ ಗಾಳಿಯದೇ ಧ್ಯಾನ.

ಮಾಮೂಲಿ ದಿನ ಹನ್ನೊಂದರ ಹೊತ್ತಿಗೆ ನೆಲ ಕಾಯುತ್ತದೆ, ಮೇಲಿನ ಗಾಳಿ ಹಗುರಾಗಿ ಏರುತ್ತದೆ, ಆ ಜಾಗಕ್ಕೆ ಸಮುದ್ರದ ಗಾಳಿ ನುಗ್ಗುತ್ತದೆ. ಬೆವರು ಇದ್ದದ್ದೇ, ಆದರೂ ತಡೆಯಬಹುದು. ಗದಗದಲ್ಲಿ ಈ ಪಾಠಕ್ಕೆ ಬೋರ್ಡಿನ ಮೇಲೆ ಎರಡು ಬಾಣ ಬರೆದು ಮುಗಿಸುತ್ತಿದ್ದೆ. ಸಮುದ್ರವೇ ನೋಡದ ಮಕ್ಕಳಿಗೆ ಆ ಬಾಣ ಏನು ಹೇಳಿತೋ!

ಮೂಡಣ ಗಾಳಿ ಜೋರಾದರೆ ಲೆಕ್ಕ ತಪ್ಪುತ್ತದೆ. ಘಟ್ಟದ ಮೇಲಿನ ಒಣ ಗಾಳಿ ಕೆಳಗಿಳಿಯುತ್ತಾ ಒತ್ತಡಕ್ಕೆ ಸಿಕ್ಕಿ ಕಾಯುತ್ತದೆ. ನೂರು ಮೀಟರ್ ಇಳಿದರೆ ಹೆಚ್ಚುಕಡಿಮೆ 1 ಡಿಗ್ರಿ. ಐನೂರು ಮೀಟರ್ ಇಳಿದು ಬಂದರೆ ಎಷ್ಟಾಯಿತು? ಮೇಲಾಗಿ ಅದು ಸಮುದ್ರದ ಗಾಳಿಗೆ ಒಳಗೆ ಬರಲು ದಾರಿಯನ್ನೇ ಬಿಡುವುದಿಲ್ಲ. ಕರಾವಳಿಯಲ್ಲಿ ಮಾರ್ಚ್‌ನ ಕೆಲವು ಮಧ್ಯಾಹ್ನಗಳು ಮೇ ತಿಂಗಳಿಗಿಂತ ಜಾಸ್ತಿ ಸುಡುವುದು ಇದಕ್ಕೇ. ಬಯಲಿನಲ್ಲಿ 40 ಡಿಗ್ರಿ ಮುಟ್ಟುವ ತನಕ ಬಿಸಿಗಾಳಿ ಅನ್ನದ ಹವಾಮಾನ ಇಲಾಖೆ, ಕರಾವಳಿಯಲ್ಲಿ 37ಕ್ಕೇ ಆ ಮಾತು ತೆಗೆಯುತ್ತದೆ, ವಾಡಿಕೆಗಿಂತ 4.5 ಡಿಗ್ರಿ ಏರಿದ್ದರೆ. ಅಣ್ಣನಿಗೆ ಇದನ್ನೇ ಹೇಳಿದೆ. ನಕ್ಕುಬಿಟ್ಟ.

ಹನ್ನೆರಡಾಯಿತು, ಗಾಳಿ ಇಲ್ಲ. ಒಂದಕ್ಕೆ ಮೊಬೈಲ್ 36 ತೋರಿಸಿತು. ಫ್ಯಾನ್ ಬಿಸಿಯನ್ನೇ ಕಲಸುತ್ತಿತ್ತು. ಬೈದುಕೊಳ್ಳುತ್ತಾ ಹೊರಗೆ ಬಂದರೆ ಅಜ್ಜಿ ಅಂಗಳದ ತುಂಬ ಚಾಪೆ ಹಾಸಿ ಹಲಸಿನಕಾಯಿ ಹಪ್ಪಳ ಒಣಹಾಕಿದ್ದಾರೆ. ಮುಖದಲ್ಲಿ ಹಬ್ಬದ ಕಳೆ! "ಪಡುವಣ ಗಾಳಿ ಬಿದ್ರೆ ಹಪ್ಪಳ ಮೆತ್ತಗೆ ಅಕ್ಕೋರೆ. ಇಂಥ ದಿನ ನಾಲ್ಕು ಸಿಕ್ಕಿದ್ರೆ ಮಳೆಗಾಲಕ್ಕೆ ಚಿಂತೆ ಇಲ್ಲ."

ನನಗೆ ಡಬ್ಬಿಯಲ್ಲಿದ್ದ ಬ್ಯಾಡಗಿ ಮೆಣಸಿನಕಾಯಿ ನೆನಪಾಯಿತು. ಊರಿಂದ ತಂದಾಗ ಗರಿಗರಿ ಇತ್ತು. ಇಲ್ಲಿನ ಹವೆಗೆ ಚರ್ಮದ ಹಾಗೆ ಮೆತ್ತಗಾಗಿ, ಇನ್ನೇನು ಬೂಸ್ಟು ಹಿಡಿಯುವುದರಲ್ಲಿತ್ತು. ಓಡಿ ಹೋಗಿ ತಂದೆ. ಅಜ್ಜಿ ಚಾಪೆಯ ಒಂದು ಮೂಲೆ ಬಿಟ್ಟುಕೊಟ್ಟರು. ಆಮೇಲೆ ಇಬ್ಬರೂ ಜಗಲಿಯಲ್ಲಿ ಕೂತು ಮಜ್ಜಿಗೆ ಕುಡಿದೆವು. ಇನ್ನೊಂದು ಗಂಟೆ ಗಾಳಿ ಬಾರದಿದ್ದರೆ ಸಾಕಪ್ಪಾ ಅಂತ ನಾನೇ ಅಂದುಕೊಳ್ಳುತ್ತಿದ್ದೆ!

ಎರಡೂವರೆಗೆ ತೆಂಗಿನ ಗರಿ ಸುಮ್ನೆ ನಿಂತವು. ಸ್ವಲ್ಪ ಹೊತ್ತಿಗೆ ಗುಡ್ಡದ ಕಡೆ ತಿರುಗಿದವು. "ಬಂತು ಬಂತು, ಎತ್ತಿ" ಅಂತ ಅಜ್ಜಿ ಎದ್ದರು. ಅವರು ಹಪ್ಪಳ ಬಾಚಿದರು, ನಾನು ಮೆಣಸಿನಕಾಯಿ. ಒಂದನ್ನು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿದೆ. ಒಳಗೆ ಬೀಜ ಗಲಗಲ ಅಂದಿತು.