ಅದೇ ಪ್ರಶ್ನೆಗೆ ಮತ್ತೆ ಮತ್ತೆ ಉತ್ತರ ಬರೆದು ಬೇಜಾರಾಗಲ್ವಾ?

ಅಕ್ವೇರಿಯಂ ಹವ್ಯಾಸಿಗಳ ಬಳಗದಲ್ಲಿ ಒಂದು ಪ್ರಶ್ನೆ ನಿಲ್ಲದೆ ಬರುತ್ತಿರುತ್ತದೆ. “ಹೊಸ ಟ್ಯಾಂಕ್ ತಂದು ನಾಲ್ಕು ದಿನ ಆಯ್ತು. ನೀರು ಬೆಳ್ಳಗಾಗಿದೆ. ಮೀನುಗಳು ಮೇಲೆ ಬಂದು ಬಾಯಿ ಬಾಯಿ ಬಿಡ್ತಿವೆ, ಒಂದು ಸತ್ತೂ ಹೋಯ್ತು. ಏನ್ ಮಾಡ್ಲಿ?” ಕೇಳುವವರು ಬೇರೆ ಬೇರೆ, ಮಾತು ಹೆಚ್ಚುಕಮ್ಮಿ ಇದೇ. ಇದನ್ನು ಓದಿ ಓದಿ ಸಾಕಾದ ಹಳಬರು ನನ್ನನ್ನು ಕೇಳುವುದು ಇನ್ನೊಂದು ಪ್ರಶ್ನೆ: “ಇದಕ್ಕೆ ನೂರು ಸಲ ಉತ್ತರ ಕೊಟ್ಟಾಗಿದೆ. ಹುಡುಕಿ ಓದ್ಕೊಳ್ಳಿ ಅಂದ್ರೆ ಮುಗೀತಲ್ಲ. ಮತ್ತೆ ಮೊದಲಿಂದ ಯಾಕೆ ಬರೀತೀರಿ, ಬೇಜಾರಾಗಲ್ವಾ?”

ಆಗುವುದಿಲ್ಲ. ಪ್ರಶ್ನೆಯ ಮಾತು ಒಂದೇ ಇದ್ದರೂ ಅದರ ಹಿಂದಿನ ಟ್ಯಾಂಕ್ ಪ್ರತಿ ಸಲವೂ ಬೇರೆ. ಅದನ್ನು ಪತ್ತೆ ಹಚ್ಚುವ ಕೆಲಸ ಹಳತಾಗುವುದೇ ಇಲ್ಲ.

ಮೇಲೆ ಬಂದು ಬಾಯಿ ಬಿಡುವುದನ್ನೇ ತೆಗೆದುಕೊಳ್ಳಿ. ಮೀನು ಹೀಗೆ ಮಾಡಲು ಕನಿಷ್ಠ ನಾಲ್ಕು ಕಾರಣಗಳಿವೆ. ನೀರು ಬದಲಾಯಿಸಿದ ಒಂದೆರಡು ಗಂಟೆಯಲ್ಲೇ ಶುರುವಾಗಿದ್ದರೆ ಮೊದಲ ಅನುಮಾನ ನಲ್ಲಿ ನೀರಿನ ಕ್ಲೋರಿನ್ ಮೇಲೆ. ಅದು ಕಿವಿರುಗಳನ್ನು ಸುಡುತ್ತದೆ. ಗಿಡ ಒತ್ತಾಗಿ ಬೆಳೆದ ಟ್ಯಾಂಕಿನಲ್ಲಿ ನಸುಕಿನಲ್ಲಿ ಮಾತ್ರ ಕಂಡು, ದೀಪ ಹಾಕಿದ ಸ್ವಲ್ಪ ಹೊತ್ತಿಗೆ ಸರಿಹೋದರೆ ಅದು ಆಮ್ಲಜನಕದ ಕೊರತೆ. ರಾತ್ರಿ ಹೊತ್ತು ಗಿಡಗಳೂ ಮೀನಿನ ಪಾಲಿನದನ್ನೇ ಉಸಿರಾಡುತ್ತವೆ. ಒಂದೆರಡು ಮೀನು ಮಾತ್ರ ಏದುಸಿರು ಬಿಡುತ್ತಾ ಮೈಯನ್ನು ಕಲ್ಲಿಗೆ ಉಜ್ಜುತ್ತಿದ್ದು, ಉಳಿದವು ಆರಾಮಾಗಿದ್ದರೆ ಕಿವಿರಿನಲ್ಲಿ ಪರಾವಲಂಬಿಗಳಿರಬಹುದು. ಟ್ಯಾಂಕಿಗೆ ತಿಂಗಳೂ ತುಂಬಿಲ್ಲ, ಎಲ್ಲ ಮೀನೂ ಸೊರಗಿವೆ ಅಂದರೆ ಅಮೋನಿಯಾ ಇಲ್ಲವೇ ನೈಟ್ರೈಟ್, ಅಂದರೆ ಮೀನಿನ ತ್ಯಾಜ್ಯದಿಂದ ನೀರಿನಲ್ಲಿ ಸೇರಿಕೊಳ್ಳುವ ವಿಷಗಳು. ಈ ನಾಲ್ಕಕ್ಕೂ ಮದ್ದು ಬೇರೆ ಬೇರೆ. “ಹಳೇ ಉತ್ತರ ನೋಡಿ” ಅಂದಾಗ ಇವುಗಳಲ್ಲಿ ಯಾವ ಉತ್ತರ ಅವರ ಕಣ್ಣಿಗೆ ಬೀಳುತ್ತದೆ ಅನ್ನುವುದು ನಮ್ಮ ಕೈಯಲ್ಲಿಲ್ಲ.

ಹುಡುಕುವುದಕ್ಕೂ ಪದ ಬೇಕು. ಹೊಸ ಟ್ಯಾಂಕಿನಲ್ಲಿ ಈ ವಿಷಗಳನ್ನು ಕರಗಿಸುವ ಬ್ಯಾಕ್ಟೀರಿಯಾ ನೆಲೆಯೂರುವುದಕ್ಕೆ ಹಳಬರು ಇಟ್ಟುಕೊಂಡ ಹೆಸರು ‘ಸೈಕ್ಲಿಂಗ್’. ಹೊಸಬರು ಆ ಪದವನ್ನು ಕೇಳಿಯೇ ಇರುವುದಿಲ್ಲ. ಕೇಳಿದ್ದರೂ ಅವರಿಗೆ ನೆನಪಾಗುವುದು ಬೈಸಿಕಲ್ಲು. ಅವರ ಬಳಿ ಇರುವ ಪದಗಳು ‘ಬಿಳಿ ನೀರು’, ‘ಮೀನು ಸಾಯ್ತಿದೆ’, ಇಷ್ಟೇ. ಕಷ್ಟ ಏನೆಂದರೆ ಬಿಳಿ ನೀರು ಇಲ್ಲಿ ನಿಜವಾದ ಅಪರಾಧಿಯೇ ಅಲ್ಲ. ಹೊಸ ಟ್ಯಾಂಕಿನಲ್ಲಿ ಆಹಾರದ ಚೂರು, ಹಿಕ್ಕೆ ತಿಂದು ಒಮ್ಮೆಲೇ ಹೆಚ್ಚುವ ಬ್ಯಾಕ್ಟೀರಿಯಾಗಳಿಂದ ನೀರು ಹಾಲು ಬೆರೆಸಿದ ಹಾಗೆ ಕಾಣುತ್ತದೆ, ಕೆಲವು ದಿನಗಳಲ್ಲಿ ತಾನಾಗಿ ತಿಳಿಯಾಗುತ್ತದೆ. ಕೊಲ್ಲುವ ಅಮೋನಿಯಾಕ್ಕೆ ನೀರಿನಲ್ಲಿ ಬಣ್ಣವೇ ಇಲ್ಲ. ಹಾಗಾಗಿ ಹೊಸಬರು ಕಣ್ಣಿಗೆ ಕಂಡದ್ದರ ಬಗ್ಗೆ ಕೇಳುತ್ತಾರೆ. ನಾವೂ ಅಕ್ಷರಶಃ ಅದಕ್ಕೇ ಉತ್ತರಿಸಿ “ನೀರು ತಿಳಿಯಾಗಲು ಫಿಲ್ಟರ್ ಚೆನ್ನಾಗಿ ತೊಳೆಯಿರಿ” ಅಂದರೆ, ಆಗಷ್ಟೇ ನೆಲೆಯೂರುತ್ತಿದ್ದ ಬೇಕಾದ ಬ್ಯಾಕ್ಟೀರಿಯಾವನ್ನೂ ಕಳೆದುಕೊಂಡು ಅವರು ಮತ್ತೆ ಮೊದಲ ದಿನಕ್ಕೆ ಹೋಗುತ್ತಾರೆ.

ಇದು ಮೀನಿಗಷ್ಟೇ ಸೇರಿದ್ದೂ ಅಲ್ಲ. ಎಲೆಕ್ಟ್ರಾನಿಕ್ಸ್ ಹವ್ಯಾಸಿಗಳಲ್ಲಿ “ಎಲ್‌ಇಡಿ ಒಂದು ಕ್ಷಣ ಹತ್ತಿ ಆರಿಹೋಯ್ತು, ಎಲ್‌ಇಡಿ ಸರಿಯಿಲ್ವಾ?” ಅನ್ನುವ ಪ್ರಶ್ನೆಯೂ ಇದೇ ಜಾತಿಯದು. 9 ವೋಲ್ಟ್ ಬ್ಯಾಟರಿಗೆ ನೇರ ಜೋಡಿಸಿದ್ದಾರೆ. ಕೆಂಪು ಎಲ್‌ಇಡಿಗೆ ಬೇಕಾದ್ದು ಸುಮಾರು 2 ವೋಲ್ಟ್. ಉಳಿದ 7 ವೋಲ್ಟ್ ಅನ್ನು 20 ಮಿಲಿಆಂಪಿಯರ್‌ನಿಂದ ಭಾಗಿಸಿದರೆ 350 ಓಮ್, ಅಂದರೆ ಅದಕ್ಕಿಂತ ಸ್ವಲ್ಪ ಹೆಚ್ಚಿನ, ಅಂಗಡಿಯಲ್ಲಿ ಸಿಗುವ 390 ಓಮ್‌ನ ರೆಸಿಸ್ಟರ್ (ಕರೆಂಟನ್ನು ತಡೆದು ಮಿತಿಯಲ್ಲಿಡುವ ಬಿಡಿಭಾಗ) ಹಾಕಬೇಕಿತ್ತು. ರೆಸಿಸ್ಟರ್ ಇಲ್ಲ ಅನ್ನುವುದು ಗೊತ್ತಿದ್ದವರು ಈ ಪ್ರಶ್ನೆ ಕೇಳುತ್ತಲೇ ಇರಲಿಲ್ಲ.

ಈಗ ಉತ್ತರ ಕಟ್ಟುವ ರೀತಿಗೆ ಬರೋಣ. ನನ್ನ ಪ್ರಕಾರ ತಾಳ್ಮೆ ಅನ್ನುವುದರ ಮುಕ್ಕಾಲು ಪಾಲು ಇರುವುದು ಇಲ್ಲೇ. ಯಾವುದನ್ನು ಮೊದಲು ಹೇಳಬೇಕು ಅನ್ನುವುದು ತೀರ್ಮಾನವಾಗಿದ್ದರೆ ಸಿಡುಕಲು ಜಾಗವೇ ಉಳಿಯುವುದಿಲ್ಲ.

ಮೊದಲು ಪತ್ರವನ್ನು ಪೂರ್ತಿ ಓದಿ, ಟ್ಯಾಂಕಿನ ವಯಸ್ಸು ಹುಡುಕಬೇಕು. ಇದು ತಿಳಿಯದೆ ಒಂದು ಅಕ್ಷರವನ್ನೂ ಹೇಳಬಾರದು, ಕಾರಣವಿದೆ. ನಾಲ್ಕು ದಿನದ ಟ್ಯಾಂಕಾದರೆ ಅರ್ಧ ನೀರು ಬದಲಾಯಿಸುವುದು ಜೀವ ಉಳಿಸುತ್ತದೆ. ಅದೇ ವರ್ಷ ಹಳೆಯ, ಆರು ತಿಂಗಳಿಂದ ನೀರೇ ಬದಲಾಯಿಸದ ಟ್ಯಾಂಕಾದರೆ ಅರ್ಧ ನೀರು ಒಮ್ಮೆಲೇ ಬದಲಾಯಿಸುವುದು ಜೀವ ತೆಗೆಯಬಹುದು. ಅಂಥ ಟ್ಯಾಂಕಿನಲ್ಲಿ ಪಿಎಚ್ (ನೀರಿನ ಆಮ್ಲೀಯತೆಯ ಅಳತೆ; ಅಂಕಿ ಇಳಿದಷ್ಟೂ ನೀರು ಆಮ್ಲೀಯ) ಇಳಿದು ಅಮೋನಿಯಾ ಹೆಚ್ಚುಕಮ್ಮಿ ನಿರುಪದ್ರವಿಯಾದ ಅಮೋನಿಯಂ ರೂಪದಲ್ಲಿ ಕೂತಿರುತ್ತದೆ; ಪಿಎಚ್ ಹೆಚ್ಚಿರುವ ಹೊಸ ನೀರು ಬಿದ್ದೊಡನೆ ಅದು ವಿಷದ ರೂಪಕ್ಕೆ ತಿರುಗುತ್ತದೆ. 25 ಡಿಗ್ರಿ ಸೆಲ್ಸಿಯಸ್‌ನಲ್ಲಿ ಪಿಎಚ್ 7 ಇದ್ದಾಗ ಒಟ್ಟು ಅಮೋನಿಯಾದಲ್ಲಿ ವಿಷರೂಪದ ಪಾಲು ಸುಮಾರು 0.6 ಶೇಕಡಾ, ಪಿಎಚ್ 8 ಆದರೆ 5 ಶೇಕಡಾಕ್ಕೂ ಹೆಚ್ಚು. ಆ ಟ್ಯಾಂಕಿಗೆ ದಿನಕ್ಕೆ ಹತ್ತನೇ ಒಂದು ಭಾಗದಂತೆ ನಿಧಾನವಾಗಿ ಬದಲಾಯಿಸಬೇಕು. ಪ್ರಶ್ನೆ ಒಂದೇ, ಉತ್ತರ ಉಲ್ಟಾ.

ವಯಸ್ಸು ಗೊತ್ತಾಯಿತು, ಹೊಸ ಟ್ಯಾಂಕೇ ಅನ್ನಿ. ಆಗ ಉತ್ತರದ ಮೊದಲ ಸಾಲುಗಳಲ್ಲಿ ಇವತ್ತು ರಾತ್ರಿಯೇ ಮಾಡಬೇಕಾದ ಕೆಲಸ ಮಾತ್ರ ಇರಲಿ. ಅರ್ಧ ನೀರು ತೆಗೆಯಿರಿ. ಹಾಕುವ ನೀರು ಹೆಚ್ಚುಕಡಿಮೆ ಅಷ್ಟೇ ಬೆಚ್ಚಗಿರಲಿ, ಒಂದೆರಡು ಡಿಗ್ರಿಗಿಂತ ಹೆಚ್ಚು ವ್ಯತ್ಯಾಸ ಬೇಡ. ನಲ್ಲಿ ನೀರಾದರೆ ಕ್ಲೋರಿನ್ ತೆಗೆಯುವ ದ್ರಾವಣವನ್ನು ಬಾಟಲಿಯ ಮೇಲಿನ ಅಳತೆಯಷ್ಟೇ ಹಾಕಿ. ಏರ್ ಪಂಪ್ ಇದ್ದರೆ ಹಾಕಿ. ಇಲ್ಲವಾದರೆ ಫಿಲ್ಟರ್‌ನ ನೀರು ಮೇಲ್ಮೈಗೆ ಬಿದ್ದು ಕಲಕುವ ಹಾಗೆ ತಿರುಗಿಸಿ. ಎರಡು ದಿನ ಆಹಾರ ಬೇಡ; ಬೆಳೆದ ಮೀನುಗಳಿಗೆ ಏನೂ ಆಗುವುದಿಲ್ಲ. ಫಿಲ್ಟರ್ ನಿಲ್ಲಿಸಬೇಡಿ, ತೊಳೆಯಬೇಡಿ. ಹೊಸ ಮೀನು ತರಬೇಡಿ. ಇಷ್ಟರ ನಡುವೆ “ಮೊದಲೇ ಓದಿಕೊಂಡು ಶುರು ಮಾಡಬೇಕಿತ್ತು” ಅನ್ನುವ ಒಂದು ಸಾಲು ನುಸುಳಿದರೂ ಸಾಕು, ಓದುವವರ ಕಣ್ಣು ಅಲ್ಲೇ ನಿಲ್ಲುತ್ತದೆ, ಕ್ಲೋರಿನ್ ಮಾತು ತಲೆಗೆ ಹೋಗುವುದಿಲ್ಲ. ಸತ್ತ ಮೀನನ್ನು ಈಗಷ್ಟೇ ಕೈಯಲ್ಲಿ ಎತ್ತಿದವರಿಗೆ ತಪ್ಪು ಯಾರದೆಂದು ನಾವು ಹೇಳಿ ತಿಳಿಯಬೇಕಾಗಿಲ್ಲ.

ಕೆಲಸ ಹೇಳಿದ ಮೇಲೆ ಪ್ರಶ್ನೆಗಳು. ಟ್ಯಾಂಕಿನ ಉದ್ದ, ಅಗಲ, ಎತ್ತರ ಎಷ್ಟು ಸೆಂಟಿಮೀಟರ್? ಯಾವ ಮೀನು, ಎಷ್ಟು, ಯಾವ ದಿನ ಬಿಟ್ಟಿರಿ? ನೀರಿಗೆ ಏನೇನು ಹಾಕಿದ್ದೀರಿ? ಫಿಲ್ಟರ್ ದಿನವಿಡೀ ಓಡುತ್ತಿದೆಯಾ? “ಮೀಡಿಯಂ ಸೈಜ್ ಟ್ಯಾಂಕ್” ಅಂತ ಬರೆದವರನ್ನು ಲೀಟರ್ ಎಷ್ಟು ಅಂತ ಕೇಳಿದರೆ ಅವರು ಊಹಿಸಿ ಹೇಳುತ್ತಾರೆ. ಅಳತೆ ಪಟ್ಟಿ ಹಿಡಿದು ಮೂರು ಅಂಕಿ ಕೊಡುವುದು ಯಾರಿಗೂ ಕಷ್ಟವಲ್ಲ. ಮೂರನ್ನೂ ಗುಣಿಸಿ ಸಾವಿರದಿಂದ ಭಾಗಿಸುವ ಕೆಲಸ ನಮ್ಮದು: 60, 30, 30 ಆದರೆ 54 ಲೀಟರ್, ಮೇಲೆ ಬಿಟ್ಟ ಜಾಗ, ಕೆಳಗಿನ ಕಲ್ಲು ಕಳೆದರೆ 45ರ ಆಸುಪಾಸು. ಔಷಧಿಯ ಅಳತೆ ತಪ್ಪುವುದು ಹೆಚ್ಚಾಗಿ ಇಲ್ಲೇ.

ಕಾರಣ ವಿವರಿಸುವುದು ಕೊನೆಗೆ, ಮರುದಿನ ಮೀನು ಸ್ವಲ್ಪ ಚೇತರಿಸಿಕೊಂಡ ಮೇಲೆ. ಮೀನು ಕಿವಿರಿನ ಮೂಲಕ ಅಮೋನಿಯಾ ಹೊರಹಾಕುತ್ತದೆ, ಕೊಳೆಯುವ ಆಹಾರವೂ ಅದನ್ನೇ ಕೊಡುತ್ತದೆ. ಒಂದು ಬಗೆಯ ಬ್ಯಾಕ್ಟೀರಿಯಾ ಅದನ್ನು ನೈಟ್ರೈಟ್ ಮಾಡುತ್ತದೆ. ನೈಟ್ರೈಟ್ ಕೂಡ ವಿಷವೇ, ರಕ್ತಕ್ಕೆ ಸೇರಿ ಆಮ್ಲಜನಕ ಸಾಗದ ಹಾಗೆ ಮಾಡುತ್ತದೆ. ಇನ್ನೊಂದು ಬಗೆ ಅದನ್ನು ನೈಟ್ರೇಟ್ ಮಾಡುತ್ತದೆ. ಇದು ಅಷ್ಟು ಅಪಾಯವಲ್ಲ, ವಾರವಾರದ ನೀರು ಬದಲಾವಣೆಯಲ್ಲಿ ಹೋಗುತ್ತದೆ. ಈ ಬ್ಯಾಕ್ಟೀರಿಯಾಗಳು ನೀರಿನಲ್ಲಿ ತೇಲುವುದಕ್ಕಿಂತ ಸ್ಪಂಜು, ಕಲ್ಲುಗಳಿಗೆ ಅಂಟಿಕೊಂಡು ಬಾಳುವುದೇ ಹೆಚ್ಚು, ಸಾಕಷ್ಟು ಬೆಳೆಯಲು ಸಾಮಾನ್ಯವಾಗಿ ನಾಲ್ಕರಿಂದ ಆರು ವಾರ ಬೇಕು. ಆರೋಗ್ಯವಾಗಿರುವ ಹಳೆಯ ಟ್ಯಾಂಕಿನ ಫಿಲ್ಟರ್ ಸ್ಪಂಜಿನ ತುಂಡು ಸಿಕ್ಕರೆ ಈ ಅವಧಿ ಬಹಳ ಕಡಿಮೆಯಾಗುತ್ತದೆ. ಮುಂದೆ ಸ್ಪಂಜು ತೊಳೆಯುವಾಗ ನಲ್ಲಿಯ ಕೆಳಗೆ ಹಿಡಿಯದೆ, ಟ್ಯಾಂಕಿನಿಂದ ತೆಗೆದ ನೀರಿನಲ್ಲೇ ಹಿಂಡಬೇಕು ಅನ್ನುವುದು ಈಗ ಅವರಿಗೆ ತಾನಾಗಿ ಅರ್ಥವಾಗುತ್ತದೆ. ಮೊದಲ ದಿನವೇ ಇದೆಲ್ಲ ಬರೆದಿದ್ದರೆ ಯಾರೂ ಓದುತ್ತಿರಲಿಲ್ಲ.

ಹಳಬರ ತಾಳ್ಮೆ ನಿಜಕ್ಕೂ ಕೆಡುವುದು ಒಬ್ಬರೇ ಮೂರನೇ ಸಲ ಬಂದಾಗ. “ನೀವು ಹೇಳಿದ ಹಾಗೇ ದಿನಾ ನೀರು ಬದಲಾಯಿಸ್ತಿದ್ದೀನಿ, ಅಮೋನಿಯಾ ಇಳೀತಾನೇ ಇಲ್ಲ.” ಇವರು ಹೇಳಿದ್ದು ಕೇಳಿಲ್ಲ ಅನ್ನುವ ತೀರ್ಮಾನಕ್ಕೆ ಬರುವುದು ಸುಲಭ. ನಾನಾದರೆ ನಾವು ಹೇಳಿದ ಹೆಜ್ಜೆಯಲ್ಲೇ ಎಲ್ಲೋ ತೂತಿದೆ ಅಂತ ಹಿಡಿದು ಹುಡುಕುತ್ತೇನೆ, ಬಹಳ ಸಲ ಅಲ್ಲೇ ಸಿಗುತ್ತದೆ. “ಸ್ವಲ್ಪ ನೀರು ಬದಲಾಯಿಸಿ” ಅಂದಿದ್ದೆವಾ? 4 ಪಿಪಿಎಂ (ಲೀಟರಿಗೆ ಸುಮಾರು ಅಷ್ಟು ಮಿಲಿಗ್ರಾಂ) ಅಮೋನಿಯಾವನ್ನು ಕಾಲು ಭಾಗದ ಬದಲಾವಣೆ ಮೂರಕ್ಕೆ, ಮರುದಿನ 2.25ಕ್ಕೆ ಇಳಿಸುತ್ತದೆ, ಅಷ್ಟರಲ್ಲಿ ಮೀನು ಇನ್ನಷ್ಟು ಸೇರಿಸಿರುತ್ತದೆ. ಅರ್ಧ ಭಾಗವಾದರೆ ನಾಲ್ಕು ಎರಡಾಗಿ, ಎರಡು ಒಂದಾಗುತ್ತದೆ. ನೀರು ಪರೀಕ್ಷಿಸುವ ಕಿಟ್‌ನ ಬಣ್ಣದ ಪಟ್ಟಿಯ ಕೊನೆಯ ಗಾಢ ಹಸಿರೇ ಬರುತ್ತಿದೆಯಾ? ಹಾಗಾದರೆ ನಿಜವಾದ ಮಟ್ಟ ಪಟ್ಟಿಯನ್ನೂ ಮೀರಿರಬಹುದು, ಅರ್ಧಕ್ಕೆ ಇಳಿದರೂ ಬಣ್ಣ ಬದಲಾಗದು. ಪರೀಕ್ಷೆಯ ನೀರಿಗೆ ಅಷ್ಟೇ ಅಳತೆಯ ಡಿಸ್ಟಿಲ್ಡ್ ವಾಟರ್ ಬೆರೆಸಿ, ಅದರಲ್ಲಿ ಐದು ಮಿಲಿಲೀಟರ್ ತೆಗೆದು ನೋಡಿ, ಬಂದ ಅಂಕಿಯನ್ನು ಎರಡರಿಂದ ಗುಣಿಸಲು ಹೇಳಬೇಕು. ಅದೂ ಸರಿಯಿದ್ದರೆ ನಲ್ಲಿ ನೀರನ್ನೇ ಪರೀಕ್ಷಿಸಲಿ. ಶುದ್ಧೀಕರಣಕ್ಕೆ ಕ್ಲೋರಮಿನ್ (ಕ್ಲೋರಿನ್ ಮತ್ತು ಅಮೋನಿಯಾ ಸೇರಿದ ರಾಸಾಯನಿಕ) ಬಳಸುವ ಕಡೆ ಅದು ಒಡೆದಾಗ ಅಮೋನಿಯಾ ಬಿಡುಗಡೆಯಾಗುತ್ತದೆ, ಅಂದರೆ ಬದಲಾಯಿಸಿದ ಪ್ರತಿ ಬಕೆಟ್ಟಿನಲ್ಲೂ ಅವರು ಅದನ್ನೇ ತಂದು ಸುರಿಯುತ್ತಿರುತ್ತಾರೆ. ಒಂದು ದಿನ ತೆರೆದಿಟ್ಟರೆ ಕ್ಲೋರಿನ್ ಹಾರಿಹೋಗುವ ಹಾಗೆ ಕ್ಲೋರಮಿನ್ ಹಾರಿಹೋಗುವುದೂ ಇಲ್ಲ. ನೈಟ್ರೇಟ್ ಸೊನ್ನೆ ಅಂತ ಹಟ ಹಿಡಿದವರಿಗೆ ಕಿಟ್‌ನ ಎರಡನೇ ಬಾಟಲಿಯನ್ನು ಅರ್ಧ ನಿಮಿಷ ಜೋರಾಗಿ ಕುಲುಕಿದಿರಾ ಅಂತ ಕೇಳಿ. ಹಲವು ಕಿಟ್‌ಗಳಲ್ಲಿ ಅದರ ಪುಡಿ ತಳದಲ್ಲಿ ಕೂತು ಸುಳ್ಳು ಅಂಕಿ ತೋರಿಸುತ್ತದೆ.

ಸಿದ್ಧ ಉತ್ತರ ಇಟ್ಟುಕೊಂಡು ಅಂಟಿಸಿದರೆ ಆಗದಾ ಅಂತಲೂ ಕೇಳುತ್ತಾರೆ. ಕಾರಣ ವಿವರಿಸುವ ಭಾಗಕ್ಕೆ ಇಟ್ಟುಕೊಳ್ಳಿ, ತಪ್ಪಿಲ್ಲ. ಮೊದಲ ಐದಾರು ಸಾಲುಗಳನ್ನು ಮಾತ್ರ ಆ ಟ್ಯಾಂಕ್ ನೋಡಿ ಹೊಸದಾಗಿ ಬರೆಯಬೇಕು. ಮತ್ತೆ, ಸಿದ್ಧ ಉತ್ತರಕ್ಕೂ ವಯಸ್ಸಾಗುತ್ತದೆ. ನೈಟ್ರೈಟ್ ಅನ್ನು ನೈಟ್ರೇಟ್ ಮಾಡುವುದು ನೈಟ್ರೋಬ್ಯಾಕ್ಟರ್ ಅನ್ನುವ ಬ್ಯಾಕ್ಟೀರಿಯಾ ಅಂತ ಹವ್ಯಾಸಿಗಳು ದಶಕಗಳ ಕಾಲ ಬರೆದರು. ಸಿಹಿನೀರಿನ ಅಕ್ವೇರಿಯಂಗಳಲ್ಲಿ ಆ ಕೆಲಸ ಮುಖ್ಯವಾಗಿ ನೈಟ್ರೋಸ್ಪೈರಾದ ಗುಂಪಿನದು ಅಂತ 1998ರಲ್ಲಿ ಸಂಶೋಧಕರು ತೋರಿಸಿದರು. 2015ರಲ್ಲಿ ಅಮೋನಿಯಾದಿಂದ ನೈಟ್ರೇಟ್‌ವರೆಗಿನ ಎರಡೂ ಹಂತವನ್ನು ಒಂದೇ ಜೀವಿ ಮಾಡಬಲ್ಲದು ಅನ್ನುವುದೂ ಗೊತ್ತಾಯಿತು, ಅದೂ ನೈಟ್ರೋಸ್ಪೈರಾ ಕುಲದಲ್ಲೇ. ಅದೇ ಪ್ರಶ್ನೆ ಮತ್ತೆ ಬಂದಾಗ ಮತ್ತೆ ಬರೆಯುವವರು ಇಂಥದ್ದನ್ನು ತಿದ್ದಿಕೊಳ್ಳುತ್ತಾರೆ. ಅಂಟಿಸುವವರ ಉತ್ತರದಲ್ಲಿ ಹಳೆಯ ಹೆಸರು ಹಾಗೇ ಉಳಿದಿರುತ್ತದೆ.

ದಣಿದ ದಿನ ಉತ್ತರಿಸಬೇಡಿ, ಬೇರೆಯವರು ಉತ್ತರಿಸುತ್ತಾರೆ. ಸುಮ್ಮನಿದ್ದರೆ ಯಾರಿಗೂ ನೋವಿಲ್ಲ. ಹಾಗೇ, ಒಬ್ಬರು ಸರಿಯಾಗಿ ಹೇಳಿಯಾದ ಮೇಲೆ ಇನ್ನೊಂಬತ್ತು ಜನ ಉಪ್ಪು ಹಾಕಿ, ಔಷಧಿ ಹಾಕಿ, ಹೀಟರ್ ಜಾಸ್ತಿ ಮಾಡಿ ಅಂತ ಸೇರಿಸುವುದು ದೊಡ್ಡ ತೊಂದರೆ. ಗಾಬರಿಯಲ್ಲಿರುವವರು ಎಲ್ಲವನ್ನೂ ಒಂದೇ ರಾತ್ರಿ ಮಾಡುತ್ತಾರೆ. ಅದರಲ್ಲಿ ಬಿಸಿ ಹೆಚ್ಚಿಸುವುದಂತೂ ನೀರಿನಲ್ಲಿ ಕರಗಿದ ಆಮ್ಲಜನಕವನ್ನೇ ಕಡಿಮೆ ಮಾಡುತ್ತದೆ, ಅಮೋನಿಯಾದ ವಿಷವನ್ನೂ ಏರಿಸುತ್ತದೆ.

ನನಗೆ ಎಲ್ಲಕ್ಕಿಂತ ಹೆಚ್ಚು ನಂಬಿಕೆ ಇರುವುದು ಎರಡು ತಿಂಗಳ ಹಿಂದೆ ಇದೇ ಪ್ರಶ್ನೆ ಕೇಳಿದವರ ಮೇಲೆ. ಯಾವ ಪದ ತಮಗೆ ಗೊತ್ತಿರಲಿಲ್ಲ, ಯಾವ ಹೆಜ್ಜೆಯಲ್ಲಿ ಎಡವಿದೆವು ಅನ್ನುವುದು ಅವರಿಗೆ ಇನ್ನೂ ಹಸಿಯಾಗಿ ನೆನಪಿರುತ್ತದೆ, ಹತ್ತು ವರ್ಷದ ಅನುಭವಿಗೆ ಅದು ಮರೆತೇ ಹೋಗಿರುತ್ತದೆ. ಅವರಿಗೆ ಉತ್ತರಿಸಲು ಬಿಟ್ಟು ನಾವು ಪಕ್ಕದಲ್ಲಿರಬೇಕು. ಅವರು “ಎಲ್ಲ ನೀರನ್ನೂ ಚೆಲ್ಲಿ, ಫಿಲ್ಟರನ್ನು ಬಿಸಿನೀರಲ್ಲಿ ತೊಳೀರಿ” ಅಂದರೆ ತಕ್ಷಣ, ಎಲ್ಲರಿಗೂ ಕಾಣುವ ಹಾಗೆ ತಿದ್ದಬೇಕು. ಕ್ಲೋರಿನ್ ತೆಗೆಯುವ ದ್ರಾವಣದ ಮಾತು ಮರೆತಿದ್ದರೆ ಒಂದು ಸಾಲು ಸೇರಿಸಬೇಕು. ನೈಟ್ರೋಸ್ಪೈರಾ ಅನ್ನುವ ಕಡೆ ನೈಟ್ರೋಬ್ಯಾಕ್ಟರ್ ಅಂತ ಬರೆದಿದ್ದರೆ ಇವತ್ತು ಬಿಟ್ಟುಬಿಡಿ. ಮೀನು ಚೇತರಿಸಿಕೊಂಡ ಮೇಲೆ, ಅವರೊಬ್ಬರಿಗೇ ಹೇಳಿದರಾಯಿತು.