ಸೇಬು ಕದ್ದ ಸನ್ಯಾಸಿಯನ್ನು ಹುಡುಕಿಕೊಂಡು ಸಫೋಕ್‌ಗೆ

ಮೊದಲೇ ಹೇಳಿಬಿಡುತ್ತೇನೆ. ಜಾನ್ ಲಿಡ್‌ಗೇಟ್ ಕವಿಗೋಸ್ಕರ ಇಂಗ್ಲೆಂಡಿನ ಸಫೋಕ್ ಕಡೆ ಹೋಗುವವರು ಬೆರಿ ಸೇಂಟ್ ಎಡ್ಮಂಡ್ಸ್‌ಗೆ ಅರ್ಧ ದಿನ ಕೊಟ್ಟರೆ ಸಾಕು. ಉಳಿದ ಅರ್ಧ ದಿನ ಲಾಂಗ್ ಮೆಲ್‌ಫರ್ಡ್ ಹಳ್ಳಿಗೆ ಇರಲಿ. ನಾನು ಇಡೀ ದಿನ ಬೆರಿಯಲ್ಲೇ ಸುತ್ತಿದೆ. ಆಮೇಲೆ ಮೆಲ್‌ಫರ್ಡ್‌ಗೋಸ್ಕರ ಇನ್ನೊಂದು ಸಲ ಹೋಗಬೇಕಾಯಿತು.

ಲಿಡ್‌ಗೇಟ್ ಹುಟ್ಟಿದ್ದು 1370ರ ಆಸುಪಾಸಿನಲ್ಲಿ, ಅದೇ ಹೆಸರಿನ ಹಳ್ಳಿಯಲ್ಲಿ. ಹುಡುಗನಾಗಿದ್ದಾಗಲೇ ಬೆರಿಯ ಬೆನೆಡಿಕ್ಟೈನ್ ಪಂಥದ ಕ್ರೈಸ್ತ ಮಠ ಸೇರಿದ. ತನಗಿಂತ ಹಿರಿಯ ಇಂಗ್ಲಿಷ್ ಕವಿ ಚಾಸರ್‌ನನ್ನು ಗುರು ಅಂದುಕೊಂಡು ಬರೆದ, ಬರೆಯುತ್ತಲೇ ಇದ್ದ. ಅವನ 'ಟ್ರಾಯ್ ಬುಕ್' ಒಂದೇ ಸುಮಾರು 30,000 ಸಾಲು. 'ಫಾಲ್ ಆಫ್ ಪ್ರಿನ್ಸಸ್' 36,000 ದಾಟುತ್ತದೆ. ಹೋಗುವ ಮುಂಚೆ ಇದನ್ನೆಲ್ಲ ಓದಲೇಬೇಕು ಅಂತ ಹಟ ಹಿಡಿಯಬೇಡಿ. ನಾನು ಹಿಡಿದೆ, ಅರ್ಧದಲ್ಲೇ ಕೈಬಿಟ್ಟೆ. 'ಟೆಸ್ಟಮೆಂಟ್' ಅನ್ನುವ ಅವನ ಮುಪ್ಪಿನ ಕವಿತೆ ಒಂದನ್ನು ಓದಿಕೊಳ್ಳಿ, ಈ ಪ್ರವಾಸಕ್ಕೆ ಅದೇ ಸಾಕು. ಅದರಲ್ಲಿ ಅವನು ತನ್ನ ಬಾಲ್ಯದ ತಂಟೆಗಳನ್ನೆಲ್ಲ ಒಪ್ಪಿಕೊಳ್ಳುತ್ತಾನೆ. ತೋಟಕ್ಕೆ ನುಗ್ಗಿ ಸೇಬು ಕದ್ದಿದ್ದು, ಶಾಲೆಗೆ ತಡವಾಗಿ ಹೋಗಿದ್ದು, ಎಲ್ಲವೂ ಇದೆ. ಹದಿನೈದು ತುಂಬುವ ಮೊದಲೇ ಮಠದ ಗೋಡೆಯ ಮೇಲೆ ಶಿಲುಬೆಯ ಚಿತ್ರ ಕಂಡನಂತೆ. ಪಕ್ಕದಲ್ಲಿ ಲ್ಯಾಟಿನ್‌ನಲ್ಲಿ ಒಂದೇ ಪದ: 'ವಿದೆ', ಅಂದರೆ ನೋಡು. ಆಗ ಸುಮ್ನೆ ದಾಟಿಹೋಗಿದ್ದವನಿಗೆ ಅದು ಮುಪ್ಪಿನಲ್ಲಿ ಮತ್ತೆ ನೆನಪಾಗುತ್ತದೆ.

ಆ ಗೋಡೆ ನೋಡೋಣ ಅಂತಲೇ ನಾನು ಬೆರಿಗೆ ಹೋಗಿದ್ದು. ಕೇಂಬ್ರಿಜ್‌ನಿಂದ ರೈಲಿನಲ್ಲಿ ಮುಕ್ಕಾಲು ಗಂಟೆ. ನಿಲ್ದಾಣದಿಂದ ಕಾಲು ಗಂಟೆ ನಡೆದರೆ ಮಠದ ಹೆಬ್ಬಾಗಿಲು. 1327ರಲ್ಲಿ ಊರಿನ ಜನ ಮಠದ ಮೇಲೆ ದಂಗೆ ಎದ್ದ ಮೇಲೆ ಹೊಸದಾಗಿ ಕಟ್ಟಿದ ಬಾಗಿಲಿದು. ಅದು ಎಷ್ಟು ಗಟ್ಟಿಮುಟ್ಟಾಗಿದೆ ಅಂದರೆ, ಒಳಗೂ ಎಲ್ಲ ಹಾಗೇ ಇರಬೇಕು ಅನ್ನಿಸುತ್ತದೆ. ಒಳಗೆ ಹೋದರೆ ಹೂದೋಟ! ಮಕ್ಕಳು ಆಡುತ್ತಿದ್ದಾರೆ, ಹುಲ್ಲಿನ ಮೇಲೆ ಜನ ಊಟ ಮಾಡುತ್ತಿದ್ದಾರೆ. 1539ರಲ್ಲಿ ಮಠ ಮುಚ್ಚಿಸಿದ ಮೇಲೆ ಒಳ್ಳೆಯ ಕಲ್ಲನ್ನೆಲ್ಲ ಜನ ಕಿತ್ತುಕೊಂಡು ಹೋದರು. 500 ಅಡಿಗೂ ಉದ್ದವಿದ್ದ ಚರ್ಚಿನಲ್ಲಿ ಈಗ ಉಳಿದಿರುವುದು ಗೋಡೆಯ ಹೊಟ್ಟೆಯೊಳಗಿನ ಚಕಮಕಿ ಕಲ್ಲಿನ ಮುದ್ದೆಗಳು. ಕೊಳೆತ ಹಲ್ಲುಗಳ ಥರ ನಿಂತಿವೆ. ಶಿಲುಬೆಯ ಗೋಡೆ ಎಲ್ಲಿಂದ ಬರಬೇಕು? ಕವಿಯ ಸಮಾಧಿಯೂ ನನಗೆ ಕಾಣಲಿಲ್ಲ.

ಹಾಗಂತ ಬೆರಿಯನ್ನು ಬಿಡಬೇಡಿ. ಪ್ರವೇಶಕ್ಕೆ ದುಡ್ಡಿಲ್ಲ. ಪಶ್ಚಿಮದ ಹಾಳುಗೋಡೆಯೊಳಗೇ ಜನ ಮನೆ ಕಟ್ಟಿಕೊಂಡಿದ್ದಾರೆ, ಅದನ್ನಂತೂ ನೋಡಲೇಬೇಕು. 1433ರ ಕ್ರಿಸ್‌ಮಸ್‌ಗೆ 12 ವರ್ಷದ ದೊರೆ ಆರನೇ ಹೆನ್ರಿ ಈ ಮಠಕ್ಕೆ ಅತಿಥಿಯಾಗಿ ಬಂದವನು ಈಸ್ಟರ್‌ವರೆಗೂ ಇದ್ದ. ಆ ನೆನಪಿಗೆ ಮಠಾಧಿಪತಿ ಲಿಡ್‌ಗೇಟ್‌ನಿಂದ, ಈ ಊರಿಗೆ ಹೆಸರು ಕೊಟ್ಟ ಸಂತ ಎಡ್ಮಂಡನ ಕಥೆ ಬರೆಸಿದರು. ಚಿತ್ರಗಳು ತುಂಬಿದ ಆ ಹಸ್ತಪ್ರತಿ ಈಗ ಲಂಡನ್ನಿನ ಬ್ರಿಟಿಷ್ ಲೈಬ್ರರಿಯಲ್ಲಿದೆ, ಬೆರಿಯಲ್ಲಿ ಕೇಳಬೇಡಿ. ಪಕ್ಕದ ಸೇಂಟ್ ಮೇರೀಸ್ ಚರ್ಚಿನ ಚಾವಣಿಯಲ್ಲಿ ಮರದ ದೇವದೂತರ ಸಾಲಿದೆ. ಐದು ನಿಮಿಷ ಕತ್ತೆತ್ತಿ ನೋಡಿ.

ಈಗ ಮೆಲ್‌ಫರ್ಡ್ ವಿಷಯ. ಬೆರಿಯಿಂದ ಸುಮಾರು 22 ಕಿಲೋಮೀಟರ್, ರೈಲಿಲ್ಲ. ಬಸ್ಸು ಕಡಿಮೆ. ನಾನು ಭಾನುವಾರ ಹೊರಟು ಸ್ಟಾಪಿನಲ್ಲಿ ಮುಕ್ಕಾಲು ಗಂಟೆ ನಿಂತು, ಕೊನೆಗೆ ಟ್ಯಾಕ್ಸಿಗೆ ದಂಡ ತೆತ್ತೆ. ತಪ್ಪು ನನ್ನದೇ, ವೇಳಾಪಟ್ಟಿ ನೋಡಿರಲಿಲ್ಲ. ವಾರದ ದಿನ ಹೋಗಿ. ಸಡ್‌ಬರಿವರೆಗೆ ರೈಲಿದೆ, ಅಲ್ಲಿಂದ ಐದು ಕಿಲೋಮೀಟರ್ ಅಷ್ಟೆ. ಭಾನುವಾರ ಬೆಳಿಗ್ಗೆ ಪೂಜೆ ಬೇರೆ ಇರುತ್ತದೆ, ನಡುವೆ ಕ್ಯಾಮೆರಾ ಹಿಡಿದು ಓಡಾಡೋಕಾಗಲ್ಲ ಅಲ್ವಾ?

ಹೋಲಿ ಟ್ರಿನಿಟಿ ಚರ್ಚು ಹಳ್ಳಿಯ ತುದಿಯಲ್ಲಿ, ದೊಡ್ಡ ಹುಲ್ಲುಮೈದಾನದ ಮೇಲೆ ಇದೆ. ಬಟ್ಟೆ ವ್ಯಾಪಾರದ ದುಡ್ಡಿನಲ್ಲಿ ಎದ್ದದ್ದು. ಒಳಗೆ ಎಡಗಡೆ ಕೊನೆಗೆ ನಡೆದರೆ ಕ್ಲಾಪ್ಟನ್ ಮನೆತನದ ಪುಟ್ಟ ಪ್ರಾರ್ಥನಾ ಕೋಣೆ. ಚಾವಣಿಗೆ ತಾಗಿದ ಮರದ ಪಟ್ಟಿಯ ಮೇಲೆ, ಬಿಚ್ಚಿದ ಓಲೆಯ ಹಾಗೆ, ಲಿಡ್‌ಗೇಟ್‌ನ ಸಾಲುಗಳು ಸುತ್ತಲೂ ಹರಿಯುತ್ತವೆ. ಅದೇ 'ಟೆಸ್ಟಮೆಂಟ್'. ಅವನು ಸತ್ತು ಕೆಲವು ದಶಕಗಳಾದ ಮೇಲೆ ಯಾರೋ ಬಣ್ಣದಲ್ಲಿ ಬರೆಸಿದ್ದು. ಅಕ್ಷರ ಮಾಸಿವೆ, ತುಂಬ ಮೇಲಿವೆ. ಬರಿಗಣ್ಣಿಗೆ ನನಗೆ ನಾಲ್ಕೇ ಪದ ಸಿಕ್ಕವು. ದುರ್ಬೀನು ತಗೊಂಡು ಹೋಗಿ, ಇಲ್ಲದಿದ್ದರೆ ಮೊಬೈಲಿನಲ್ಲಿ ಜೂಮ್ ಮಾಡಿ. ಕವಿತೆಯನ್ನು ಪ್ರಿಂಟ್ ಹಾಕಿಕೊಂಡು ಹೋದರೆ ಯಾವ ಸಾಲು ಎಲ್ಲಿದೆ ಅಂತ ಹೊಂದಿಸಬಹುದು. ನಾನು ಕೋಣೆಯನ್ನು ಮೂರು ಸುತ್ತು ಹಾಕಿದೆ, ಕುತ್ತಿಗೆ ಹಿಡಿದುಕೊಂಡಿತು. ಹಾಳುಮಠದಲ್ಲಿ ಒಂದು ದಿನವಿಡೀ ಸಿಗದ ಮನುಷ್ಯ ಇಲ್ಲಿ ತಲೆಯ ಮೇಲೇ ಇದ್ದ.

ಚಳಿಗಾಲದಲ್ಲಾದರೆ ಮಧ್ಯಾಹ್ನ ಎರಡರೊಳಗೆ ಮೆಲ್‌ಫರ್ಡ್ ಮುಗಿಸಿ, ನಾಲ್ಕಕ್ಕೆಲ್ಲ ಕತ್ತಲು. ಚರ್ಚಿಗೆ ಟಿಕೆಟ್ ಇಲ್ಲ, ಕಾಣಿಕೆ ಡಬ್ಬಿ ಇದೆ. ಲಿಡ್‌ಗೇಟ್ ಹಳ್ಳಿಗೆ ಕಾರಿದ್ದರೆ ಮಾತ್ರ ಹೋಗಿ. ಅಲ್ಲಿನ ಚರ್ಚಿನ ಕಂಬಗಳ ಮೇಲೆ ಮಧ್ಯಯುಗದವರು ಗೀಚಿದ ಗೀಟುಗಳಿವೆ. ಅಡ್ಡಲಾಗಿ ಬೆಳಕು ಬಿಟ್ಟರೆ ಮಾತ್ರ ಕಾಣುತ್ತವೆ, ಹಾಗಾಗಿ ಟಾರ್ಚ್ ಮರೆಯಬೇಡಿ.